ಸೋದರಮಾವನ ಕಾರು, ಹನ್ನೊಂದು ಮುಚ್ಚಳ

ನಾನು ಅಚ್ಚುಕಟ್ಟಿನ ಮನುಷ್ಯ. ಹೈಸ್ಕೂಲಿನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಬರೆದ ಹಾಜರಿ ಪುಸ್ತಕಗಳನ್ನು ನೋಡಿದವರು ಯಾರು ಬೇಕಾದರೂ ಈ ಮಾತಿಗೆ ಸಾಕ್ಷಿ ಹೇಳುತ್ತಾರೆ. ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲೂ ಒಂದು ದಿನಚರಿ ಪುಸ್ತಕವಿದೆ. ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬಂತು, ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿಸಿದೆವು, ಹಿತ್ತಲ ನುಗ್ಗೆಮರ ಈ ಸಲ ಎಷ್ಟು ಕಾಯಿ ಕೊಟ್ಟಿತು, ಎಲ್ಲ ಅದರಲ್ಲಿ ಇದೆ.

"ನಾನು ದಿನಕ್ಕೆ ಎಷ್ಟು ಸಲ ಸೀನ್ತೀನಿ ಅನ್ನೋದೊಂದು ಬಾಕಿ ಅದೆ. ಅದನ್ನೂ ಬರ್ಕಂಡ್ಬುಡಿ" ಎಂದು ನನ್ನ ಹೆಂಡತಿ ಸಾವಿತ್ರಿ ಒಂದು ದಿನ ಹೇಳಿದ್ದಳು.

ಆ ಮಾತನ್ನೂ ಬರೆದುಕೊಂಡೆ.

ಇಂಥ ಮನುಷ್ಯನ ಬಳಿ ಒಂದು ಕಾರು ಇದ್ದರೆ ಅದು ಹೇಗಿರಬೇಕು? ಹಾಗೇ ಇತ್ತು. ಮೈಸೂರಿನ ಒಬ್ಬ ಡಾಕ್ಟರು ಓಡಿಸಿ ಮಾರಿದ ಕಾರು. ಡಾಕ್ಟರ ಕೈಯಲ್ಲಿದ್ದದ್ದು ಆರೋಗ್ಯವಾಗಿಯೇ ಇರುತ್ತದೆ ಎಂದು ತಂದೆ. ಇತ್ತು ಕೂಡ. ನಾನು ಆಯುಧಪೂಜೆ ಮಾಡುವವರೆಗೆ.

ಆಯುಧಪೂಜೆಯ ದಿನ ಬೇರೆಯವರೆಲ್ಲ ಸ್ಟೇರಿಂಗಿಗೆ ಒಂದು ಅರಿಶಿನದ ಕಂಕಣ ಕಟ್ಟಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಮುಗಿಸುತ್ತಾರೆ. ನನಗೆ ಅರ್ಧಂಬರ್ಧ ಆಗಿಬರುವುದಿಲ್ಲ. ಸ್ಟೇರಿಂಗು, ಗೇರು, ಮುಂದಿನ ಕನ್ನಡಿ, ಬಾನೆಟ್ಟು... ಕಾರಿನಲ್ಲಿ ಎಲ್ಲೆಲ್ಲಿ ದಾರ ನಿಲ್ಲುತ್ತದೋ ಅಲ್ಲೆಲ್ಲ ಮೂರು ಸುತ್ತು ದಾರ, ಒಂದು ಚೂರು ಅರಿಶಿನದ ಕೊಂಬು. ಒಟ್ಟು ಒಂಬತ್ತು ಕಂಕಣ.

"ಸಾಕು ಬುಡಿ, ಕಾರು ಕಾಣಂಗಿಲ್ಲ" ಎಂದಳು ಸಾವಿತ್ರಿ.

ನಾನು ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಆ ವರ್ಷ ಕಾರಿಗೆ ಒಂದು ದೊಡ್ಡ ಜವಾಬ್ದಾರಿ ಇತ್ತು. ಕೆ.ಆರ್. ಪೇಟೆಯಲ್ಲಿರುವ ನನ್ನ ಅಕ್ಕನ ಮಗಳು ಪಲ್ಲವಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಊರು ನಾಗಮಂಗಲ, ಛತ್ರವೂ ಅಲ್ಲೇ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಧಾರೆ ಮಂಟಪಕ್ಕೆ ಕರೆತರುವವನು ಸೋದರಮಾವ. ಅಂದರೆ ನಾನು. ಮಂಟಪಕ್ಕೆ ಹತ್ತು ಹೆಜ್ಜೆ ಕರೆತರುವವನು ಛತ್ರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು ಕರೆತರಬಾರದೇ?

"ಹೆಣ್ಣು ಬರೋದು ನನ್ನ ಕಾರಲ್ಲೇ ಭಾವ" ಎಂದು ಅಕ್ಕನ ಗಂಡನಿಗೆ ಫೋನಿನಲ್ಲಿ ಘೋಷಿಸಿದೆ.

ನಮ್ಮ ಭಾವ ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು, ಮಾತನ್ನು ಮಾತ್ರ ನೀರು ಬೆರೆಸದೆ ಆಡುವ ಮನುಷ್ಯ. "ಆಗ್ಲೇ ಒಂದು ಬಿಳೀ ಕಾರು ಗೊತ್ತು ಮಾಡಿವ್ನಿ ಕಣ್ಲಾ. ಮ್ಯಾಲೆ ಕಿಟಕಿ ತಕ್ಕಂತದೆ. ಹೆಣ್ಣು ತಲೆ ಆಚೆಗಾಕಿ ಕೈ ಬೀಸ್ಬೋದು."

"ಹೆಣ್ಣು ಯಾಕೆ ಭಾವ ತಲೆ ಆಚೆಗೆ ಹಾಕಬೇಕು? ಸೋದರಮಾವ ಬದುಕಿದ್ದಾನೆ!"

ಈ ಎರಡು ವಾಕ್ಯಕ್ಕೂ ಏನು ಸಂಬಂಧ ಎಂದು ನನಗೆ ಈಗಲೂ ಗೊತ್ತಿಲ್ಲ. ಆಗ ಬಹಳ ತೂಕದ ಮಾತಿನಂತೆ ಕೇಳಿಸಿತು. ಭಾವ, "ಆಯ್ತು, ನೋಡವ. ಬಿಳೀ ಕಾರೂ ಇರ್ಲಿ" ಎಂದರು.

ಪೂಜೆಯಾಗಿ ಹನ್ನೆರಡನೆಯ ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಶ್ರೀರಂಗಪಟ್ಟಣದ ಶಾಲೆಗೆ ಹೊರಟಾಗ ಕಾರಿನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಕಾರು ಮಾತ್ರ ಎಂದಿನಂತೆ ಓಡುತ್ತಲೇ ಇತ್ತು. ಸದ್ದಿಲ್ಲ, ಕುಲುಕಾಟವಿಲ್ಲ. ದೀಪ ಒಂದೇ.

ಸಂಜೆ ಅಂಗಳದಲ್ಲಿ ಕಾರು ನಿಲ್ಲಿಸಿ ಆ ದೀಪವನ್ನೇ ನೋಡುತ್ತಾ ಕೂತಿದ್ದೆ. ಸಾವಿತ್ರಿ ಬಾಗಿಲಿಗೆ ಬಂದಳು. "ದೇವ್ರ ಮುಂದೆ ದೀಪ ಹಚ್ಚಿ ಅಂದ್ರೆ ಎರಡು ನಿಮಿಷ ನಿಲ್ಲಕಿಲ್ಲ. ಈ ದೀಪದ ಮುಂದೆ ಅರ್ಧ ಗಂಟೆಯಿಂದ ಕೂತವ್ರೆ. ಪಾಂಡವಪುರಕ್ಕೆ ತಕ್ಕೊಂಡೋಗಿ ಮುನಾವರ್ ಅವ್ರಿಗೆ ತೋರುಸ್ಬಾರ್ದಾ?"

ಮುನಾವರ್ ನಮ್ಮ ಕಾರಿನ ಖಾಯಂ ಮೆಕ್ಯಾನಿಕ್ಕು. ಒಳ್ಳೆಯ ಕೆಲಸಗಾರ. ಆದರೆ ಓದುಬರಹ ಬಲ್ಲ ಮನುಷ್ಯ ಒಂದು ದೀಪಕ್ಕೆಲ್ಲ ಮೆಕ್ಯಾನಿಕ್ಕನ ಹತ್ತಿರ ಓಡುವುದೇ? ಆನ್‌ಲೈನಿನಲ್ಲಿ ಅಂಗೈಯಗಲದ ಒಂದು ಸ್ಕ್ಯಾನರ್ ತರಿಸಿದೆ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ಕಾಯಿಲೆ ಏನೆಂದು ಫೋನಿನಲ್ಲಿ ಬರುತ್ತದೆ. ಬಂತು. ಪೆಟ್ರೋಲ್ ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸಾರಿನಲ್ಲಿ ದೋಷ!

ನಾಲ್ಕು ಸಂಜೆ ಕೂತು ವಿಡಿಯೋಗಳನ್ನು ನೋಡಿ ವಿಷಯ ತಿಳಿದುಕೊಂಡೆ. ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಸಾವಿತ್ರಿಗೆ ಪಾಠ ಮಾಡಿದೆ. "ನೋಡು, ಟ್ಯಾಂಕಿನ ಒಳಗೆ ಪೆಟ್ರೋಲಿನ ಆವಿ ಇರುತ್ತೆ. ಅದು ಹೊರಗೆ ಹೋಗಬಾರದು. ಒಳಗೆ ಒತ್ತಡ ಎಷ್ಟಿದೆ ಅಂತ ಒಂದು ಸೆನ್ಸಾರ್ ಅಳೀತಾ ಇರುತ್ತೆ. ಈಗ ಅದು ಕೆಟ್ಟಿದೆ."

ಸಾವಿತ್ರಿ ಅವರೆಕಾಯಿ ಬಿಡಿಸುತ್ತಿದ್ದಳು. "ಅಂದ್ರೆ ಕುಕ್ಕರ್ ಇದ್ದಂಗೆ."

"ಹೆಚ್ಚುಕಮ್ಮಿ."

"ಕುಕ್ಕರ್ ಕೂಗ್ದಿದ್ರೆ ನಾನು ಮೊದ್ಲು ಮುಚ್ಚಳ ಸರಿಯಾಗಿ ಕೂತದಾ ನೋಡ್ತೀನಿ. ಆಮೇಲೆ ರಬ್ಬರು ನೋಡ್ತೀನಿ. ನೀವೂ ಮುಚ್ಚಳ ನೋಡಿ."

ನಾನು ನಕ್ಕೆ. ಆ ನಗು ಹೇಗಿತ್ತೆಂದರೆ, ಈಗ ನೆನೆಸಿಕೊಂಡರೆ ನನಗೇ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ. "ಸಾವಿತ್ರಿ, ಇದು ಕಂಪ್ಯೂಟರ್ ಹೇಳಿದ್ದು. ಸೆನ್ಸಾರ್ ಅಂತ ಸ್ಪಷ್ಟವಾಗಿ ಬಂದಿದೆ. ಕಾರು ಬೇರೆ, ಕುಕ್ಕರ್ ಬೇರೆ."

"ಸರಿ ಬುಡಿ. ನಂಗೆ ಬೇಯ್ಸದೊಂದು ಗೊತ್ತು" ಎಂದು ಅವಳು ಕಾಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ಸ್ಕ್ಯಾನರಿನಲ್ಲಿ ದೋಷವನ್ನು ಅಳಿಸಿಹಾಕುವ ಒಂದು ಗುಂಡಿಯೂ ಇತ್ತು. ಒತ್ತಿದೆ. ಹಳದಿ ದೀಪ ಆರಿಹೋಯಿತು! ಅಷ್ಟೇ! ಜನ ಸುಮ್ಮನೆ ಗ್ಯಾರೇಜಿಗೆ ಅಲೆಯುತ್ತಾರೆ. ಆ ಖುಷಿಯಲ್ಲಿ ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದೆ.

"ಭಾವ, ಆ ಬಿಳೀ ಕಾರು ಬೇಡ ಅಂದ್ಬಿಡಿ."

"ಏನ್ಲಾ, ನಿನ್ ಕಾರಲ್ಲಿ ಅದೇನೋ ದೀಪ ಹತ್ಕಂಡದೆ ಅಂತ ನಿಮ್ಮಕ್ಕ ಅಂತಿದ್ಲು?"

"ಆರಿಹೋಯ್ತು. ನಾನೇ ಸರಿ ಮಾಡಿದೆ."

"ನೀನಾ?" ಆ ಕಡೆ ಹಸುವೊಂದು ಕೂಗಿದ್ದು ಕೇಳಿಸಿತು. "ಮದ್ವೆ ಕಾಲ ಕಣ್ಲಾ. ಒಂದ್ಸಲ ಬ್ಯಾಡ ಅಂದ್ರೆ ಇನ್ನೊಂದು ಗಾಡಿ ಸಿಕ್ಕಾಕಿಲ್ಲ. ಗ್ಯಾರಂಟಿ ತಾನೆ?"

"ಬರೆದು ಕೊಡ್ಲಾ ಭಾವ?"

"ಬರ್ಯೋದ್ರಲ್ಲಿ ನೀನು ಎತ್ತಿದ ಕೈ. ಅದು ಗೊತ್ತು ಬುಡು" ಎಂದು ಫೋನ್ ಇಟ್ಟರು. ಬಿಳೀ ಕಾರು ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಹಳದಿ ದೀಪ ಬಂತು.

ಮತ್ತೆ ಅಳಿಸಿದೆ. ಮತ್ತೆ ಬಂತು. ಈಗ ಅದಕ್ಕೂ ನನಗೂ ಒಂದು ಹಠ ಬಿತ್ತು. ಹೊಸ ಸೆನ್ಸಾರನ್ನೇ ತರಿಸಿದೆ. ಹೆಬ್ಬೆರಳಿನಷ್ಟು ವಸ್ತು, ಅದನ್ನು ತುಂಬಿಕೊಂಡು ಬಂದ ಡಬ್ಬದಲ್ಲಿ ಒಂದು ಮಗುವನ್ನು ಮಲಗಿಸಬಹುದಿತ್ತು. ನಮ್ಮ ಕಾರಿನಲ್ಲಿ ಅದು ಹಿಂದಿನ ಸೀಟಿನ ಅಡಿಯಲ್ಲಿ, ಟ್ಯಾಂಕಿನ ನೆತ್ತಿಯ ಮೇಲೆ ಇರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಮದುವೆಗೆ ಇನ್ನು ಐದು ದಿನ ಇರುವ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ, ಸೀಟು ಕಿತ್ತು ಅದರ ಮೇಲೆ ಇಟ್ಟೆ.

ಸೀಟಿನ ಅಡಿಯಲ್ಲಿ ಡಾಕ್ಟರ ಬಾಚಣಿಗೆ, ಕಡಲೆಕಾಯಿ ಸಿಪ್ಪೆ, ಸಾವಿತ್ರಿಯ ಒಂದು ಹೇರ್‌ಪಿನ್ನು ಮತ್ತು ಎರಡು ವರ್ಷದಿಂದ ಕಾಣೆಯಾಗಿದ್ದ ನಮ್ಮ ಹಿತ್ತಲಬಾಗಿಲ ಬೀಗದ ಕೈ ಸಿಕ್ಕವು. ನಾಲ್ಕನ್ನೂ ಪಟ್ಟಿ ಮಾಡಿದೆ. ಆಮೇಲೆ ಟ್ಯಾಂಕಿನ ಮೇಲಿನ ತಗಡಿನ ಹೊದಿಕೆ ತೆಗೆದೆ. ಅಲ್ಲಿ ಒಂದು ವೈರಿನ ಪ್ಲಗ್ಗು ಇರಬೇಕಿತ್ತು. ಎರಡು ಇದ್ದವು! ವಿಡಿಯೋದಲ್ಲಿದ್ದದ್ದು ಬೇರೆ ಕಾರು. ಎರಡರಲ್ಲಿ ದೊಡ್ಡದೇ ಮುಖ್ಯವಾದದ್ದು ಇರಬೇಕು ಎಂದು ತರ್ಕ ಮಾಡಿ ಅದನ್ನು ಹಿಡಿದು ಎಳೆದೆ. ಬರಲಿಲ್ಲ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ.

ಟಪ್!

ಪ್ಲಗ್ಗನ್ನು ಬಿಗಿಯಾಗಿ ಹಿಡಿದಿಡುವ ಪ್ಲಾಸ್ಟಿಕ್ಕಿನ ಕೊಕ್ಕೆ ಮುರಿದು ಚಾಪೆಯ ಮೇಲೆ ಬಿತ್ತು. ಆಮೇಲೆ ನೋಡಿದರೆ ಸೆನ್ಸಾರಿನದು ಚಿಕ್ಕ ಪ್ಲಗ್ಗು. ನಾನು ಮುರಿದದ್ದು, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನದು.

"ಏನ್ರೀ ಅದು ಸದ್ದು?" ಎಂದು ಸಾವಿತ್ರಿ ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ, ಸೆನ್ಸಾರ್ ಕೂತ್ಕೊಂಡಿತು."

ಸೆನ್ಸಾರನ್ನು ನಿಜವಾಗಿಯೂ ಕೂರಿಸಿದೆ. ಪಂಪಿನ ಪ್ಲಗ್ಗನ್ನು ಮೊದಲಿದ್ದಲ್ಲಿಗೆ ಒತ್ತಿದೆ. ಕೊಕ್ಕೆ ಇಲ್ಲದ್ದರಿಂದ ಅದು ಸಡಿಲವಾಗಿತ್ತು. ಕಟ್ಟುವುದಕ್ಕೆ ಏನಾದರೂ ಬೇಕಲ್ಲ? ಕೈಗೆ ಸಿಕ್ಕಿದ್ದು ಆಯುಧಪೂಜೆಯಲ್ಲಿ ಉಳಿದಿದ್ದ ಅರಿಶಿನದ ದಾರದ ಉಂಡೆ. ಐದು ಸುತ್ತು ಸುತ್ತಿ, ಎರಡು ಗಂಟು ಹಾಕಿದೆ. ಸ್ಕ್ಯಾನರಿನಲ್ಲಿ ದೋಷ ಅಳಿಸಿದೆ. ದೀಪ ಇಲ್ಲ! ಕಾರು ಸ್ಟಾರ್ಟ್ ಆಯಿತು! ದಿನಚರಿಯಲ್ಲಿ "ಸೆನ್ಸಾರ್ ದುರಸ್ತಿ ಸಂಪೂರ್ಣ" ಎಂದು ಬರೆದು ಕೆಳಗೆ ಒಂದು ಗೆರೆ ಎಳೆದೆ. ಇನ್ನು ಮದುವೆಯವರೆಗೆ ಅದಕ್ಕೆ ದಣಿವಾಗಬಾರದು ಎಂದು ಬಸ್ಸಿನಲ್ಲೇ ಶಾಲೆಗೆ ಹೋದೆ.

ಮದುವೆ ಶುಕ್ರವಾರ. ಹೆಣ್ಣು ಛತ್ರಕ್ಕೆ ಹೊರಡುವುದು ಗುರುವಾರ. ಅವತ್ತು ಒಂದೂವರೆಗೆ ರಾಹುಕಾಲ, ಅದರೊಳಗೆ ಹೊಸ್ತಿಲು ದಾಟಲೇಬೇಕು ಎಂದು ಅಕ್ಕ ನಾಲ್ಕು ಸಲ ಫೋನ್ ಮಾಡಿ ಹೇಳಿದ್ದಳು. ಬೆಳಿಗ್ಗೆ ಕಾರಿಗೆ ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಗುಲಾಬಿ, ಹಿಂದಿನ ಗಾಜಿಗೆ ವಧೂವರರ ಹೆಸರು ಎಲ್ಲ ಆಗಿ ಹತ್ತು ಗಂಟೆ ಐದು ನಿಮಿಷಕ್ಕೆ ಹೊರಟೆವು. ಸಾವಿತ್ರಿ ರೇಷ್ಮೆ ಸೀರೆ ಉಟ್ಟು, ಹಣ್ಣಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಮೊದಲ ರೋಡ್ ಹಂಪಿನಲ್ಲಿ ಕಾರು ನಿಂತಿತು. ಕೀಲಿ ತಿರುಗಿಸಿದೆ, ಹೊರಟಿತು. ಎರಡನೆಯ ಹಂಪಿನಲ್ಲಿ ಮತ್ತೆ ನಿಂತಿತು. ಪ್ರತಿ ಸಲವೂ ಏಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ನಮ್ಮ ರಸ್ತೆಗಳಲ್ಲಿ ಎಷ್ಟು ಹಂಪುಗಳಿವೆ ಎಂದು ನಾನು ಅದುವರೆಗೆ ಎಣಿಸಿರಲಿಲ್ಲ. ಅವತ್ತು ಎಣಿಸಿದೆ. ಹದಿನಾಲ್ಕನೆಯದರಲ್ಲಿ, ಪಾಂಡವಪುರ ಇನ್ನು ಎರಡು ಕಿಲೋಮೀಟರು ಇದೆ ಎನ್ನುವಾಗ, ಕಾರು ನಿಂತದ್ದು ಮತ್ತೆ ಏಳಲೇ ಇಲ್ಲ.

ಹಿಂದೆ ಕಬ್ಬು ತುಂಬಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದ ಒಂದು ಟ್ರಾಕ್ಟರು ಬಂದು ನಿಂತಿತು. ಓಡಿಸುತ್ತಿದ್ದವರು ಕ್ಯಾತನಹಳ್ಳಿಯ ಒಬ್ಬ ಗೌಡರು. ಇಳಿದು ಬಂದು ಹೂವಿನ ಹಾರ ನೋಡಿದರು. ಒಳಗೆ ಬಗ್ಗಿ ಸಾವಿತ್ರಿಯನ್ನು ನೋಡಿದರು. ನನ್ನ ತಲೆಯ ಬಿಳಿಕೂದಲು ನೋಡಿದರು.

"ಹೆಣ್ಣು ಎಲ್ಲಿ ಸ್ವಾಮಿ?"

"ಹೆಣ್ಣು ಕೆ.ಆರ್. ಪೇಟೇಲಿ."

"ಅಂಗಾದ್ರೆ ಇನ್ನೂ ದೂರ ಅದೆ" ಎಂದು ಅವರು ಕಬ್ಬಿನ ಹೊರೆಯಿಂದ ಹಗ್ಗ ಬಿಚ್ಚಿ ತಂದರು.

ಹೀಗೆ ನಮ್ಮ ಮೆರವಣಿಗೆ ಪಾಂಡವಪುರ ಪ್ರವೇಶಿಸಿತು. ಮುಂದೆ ಕಬ್ಬಿನ ಗಾಡಿ, ಅದಕ್ಕೆ ಕಟ್ಟಿದ ಹೂವಿನ ಕಾರು, ಕಾರಿನೊಳಗೆ ಐವತ್ತು ದಾಟಿದ ಒಂದು ಜೋಡಿ. ರಸ್ತೆಬದಿಯ ಜನ ನಿಂತು ನೋಡಿದರು. ಗಾಡಿಯಿಂದ ಕಬ್ಬು ಹಿರಿದುಕೊಳ್ಳಲು ನಿಂತಿದ್ದವರು ಅದನ್ನು ಬಿಟ್ಟು ನಮಗೆ ಕೈ ಬೀಸಿದರು. ಒಬ್ಬಾಕೆ ಜೋರಾಗಿ, "ಲೇಟಾದ್ರೂ ಒಳ್ಳೇದಾಗ್ಲಿ ಕಣವ್ವ!" ಎಂದು ಹರಸಿದಳು. ಸಾವಿತ್ರಿ ಸೆರಗು ಮುಖದ ಮೇಲೆ ಎಳೆದುಕೊಂಡಳು. ಅದರಿಂದ ಇನ್ನಷ್ಟು ಮದುಮಗಳಂತೆ ಕಂಡಳು.

ಮುನಾವರ್ ಗ್ಯಾರೇಜು ತಲುಪಿದಾಗ ಹನ್ನೆರಡೂಕಾಲು. ನಾನು ದಿನಚರಿ ಪುಸ್ತಕ ಬಿಚ್ಚಿ ಲಕ್ಷಣಗಳನ್ನು ದಿನಾಂಕದ ಪ್ರಕಾರ ಓದಲು ಶುರುಮಾಡಿದೆ. ಅವರು ಕೈ ಎತ್ತಿದರು. "ಸಾರ್, ಪುಸ್ತಕ ಆಮೇಲೆ. ಟ್ಯಾಂಕಿನ ಒತ್ತಡದ ದೀಪ ಅಂದ್ರಲ್ಲ, ಮೊದ್ಲು ಮುಚ್ಚಳ ನೋಡೋಣ."

ಹಿಂದಿನ ಸೀಟಿನಿಂದ ಸಾವಿತ್ರಿ ಕೆಮ್ಮಿದಳು.

ಕಾರಿನ ಎಡಗಡೆ ಪೆಟ್ರೋಲ್ ಹಾಕುವ ಬಾಗಿಲು ತೆರೆದ ಮುನಾವರ್ ಹಾಗೇ ನಿಂತರು. "ಅರೆ! ಇದೇನ್ ಸಾರ್?"

ಹೋಗಿ ನೋಡಿದೆ. ಟ್ಯಾಂಕಿನ ಮುಚ್ಚಳದ ಕೊರಳಿಗೆ ಮೂರು ಸುತ್ತು ಅರಿಶಿನದ ದಾರ. ಅರಿಶಿನದ ಕೊಂಬಿನ ಚೂರು ರಬ್ಬರಿನ ಸಂದಿಗೆ ಸಿಕ್ಕಿ, ಮುಚ್ಚಳ ಸೊಟ್ಟಗೆ ಕೂತಿತ್ತು.

"ಇಷ್ಟು ಸಂದಿ ಇದ್ರೆ ಆವಿ ನಿಲ್ಲುತ್ತಾ ಸಾರ್? ಸೆನ್ಸಾರ್ ಸರಿಯಾಗೇ ಇತ್ತು ಪಾಪ. ನಿಜಾನೇ ಹೇಳ್ತಿತ್ತು. ಕುಕ್ಕರ್ ಮುಚ್ಚಳದಲ್ಲಿ ಚಮಚ ಸಿಕ್ಕಿಸಿದಂಗೆ ಆಗಿದೆ ಇದು."

ಸಾವಿತ್ರಿ ಕಾರಿನಿಂದ ಇಳಿದು ಬಂದಳು. ನನ್ನ ಕೈಯಿಂದ ದಿನಚರಿ ಪುಸ್ತಕ ತೆಗೆದುಕೊಂಡು, ಆಯುಧಪೂಜೆಯ ಪುಟ ತೆರೆದು, ಗ್ಯಾರೇಜಿಗೆಲ್ಲ ಕೇಳುವಂತೆ ಓದಿದಳು. "ಒಂಬತ್ತನೆಯ ಕಂಕಣ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ. ಅನ್ನ ಉಣ್ಣುವ ಬಾಯಿಗೆ ಪೂಜೆ ತಪ್ಪಬಾರದು."

ನನ್ನದೇ ಅಕ್ಷರ. ದುಂಡಗೆ, ಚೆನ್ನಾಗಿತ್ತು.

ಆಮೇಲೆ ಎರಡು ಸಲ ಪೆಟ್ರೋಲ್ ಹಾಕಿಸಿದ್ದೆನಲ್ಲ, ಆಗೇಕೆ ಕಾಣಲಿಲ್ಲ? ಬಂಕಿನಲ್ಲಿ ನಾನು ಕಾರಿನಿಂದ ಇಳಿಯುವುದಿಲ್ಲ. ಒಳಗೆ ಕೂತು ಕಿಲೋಮೀಟರು ಬರೆದುಕೊಳ್ಳುತ್ತಿರುತ್ತೇನೆ. ಬಂಕಿನವನು ದೈವಭಕ್ತ ಇರಬೇಕು, ದಾರ ತೆಗೆಯದೆ ಭಕ್ತಿಯಿಂದ ಹಾಗೇ ಮುಚ್ಚಿದ್ದ. ಮುನಾವರ್ ಕೂಡ ಕತ್ತರಿ ಹಿಡಿದವರು ತಡೆದು, "ದೇವ್ರ ದಾರ ಸಾರ್, ನಾನು ಕತ್ತರಿಸಲ್ಲ. ನೀವೇ ಬಿಚ್ಚಿ" ಎಂದರು. ನಾನೇ ಕಟ್ಟಿದ ಗಂಟು. ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಕೆಲಸ ಗಟ್ಟಿ.

ಅಷ್ಟರಲ್ಲಿ ಮುನಾವರ್ ಹಿಂದಿನ ಸೀಟು ಎತ್ತಿದ್ದರು. "ಇಲ್ಲೂ ದಾರ!"

ಪಂಪಿನ ಪ್ಲಗ್ಗಿನಲ್ಲಿ ನನ್ನ ಐದು ಸುತ್ತು ಸಡಿಲವಾಗಿ ಜೋತಾಡುತ್ತಿದ್ದವು. ಸಾವಿತ್ರಿ ಬಗ್ಗಿ ನೋಡಿದಳು. "ಅಲ್ಲೊಂದು ಗಂಟು, ಇಲ್ಲೊಂದು ಗಂಟು. ಪಲ್ಲವಿ ಮದ್ವೆಗೆ ಮುಂಚೆ ಕಾರಿಗೆ ನೀವೇ ತಾಳಿ ಕಟ್ಬುಟ್ಟಿದ್ದೀರಲ್ರಿ!"

ಮುನಾವರ್ ಬೇರೊಂದು ಹಳೆಯ ಕಾರಿನಿಂದ ಪ್ಲಗ್ಗು ತೆಗೆದು ಜೋಡಿಸಿ, ಮುಚ್ಚಳ ಟಿಕ್ ಎನ್ನುವವರೆಗೆ ತಿರುಗಿಸಿ ಕೊಟ್ಟಾಗ ಒಂದೂ ಹತ್ತು. ಕೆ.ಆರ್. ಪೇಟೆಗೆ ಇನ್ನೂ ಒಂದು ಗಂಟೆಯ ದಾರಿ. ಭಾವನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಯಲಾ?"

"ಪಾಂಡವಪುರ ಭಾವ. ಒಂದೇ ಗಂಟೆ..."

"ರಾಹುಕಾಲ ನಿಮ್ಮಪ್ಪನ ಮನೆ ಆಳಾ, ಒಂದ್ಗಂಟೆ ಕಾಯಾಕೆ?" ಫೋನ್ ನಿಂತಿತು.

ಕಾರು ಈಗ ಗಾಳಿಯಂತೆ ಓಡಿತು. ಹಂಪುಗಳಲ್ಲಿ ಹಾರಿತು. ಒಮ್ಮೆಯೂ ನಿಲ್ಲಲಿಲ್ಲ. ಎರಡೂಕಾಲಿಗೆ ಅಕ್ಕನ ಮನೆ ಮುಂದೆ ನಿಲ್ಲಿಸಿದರೆ ಚಪ್ಪರ ಖಾಲಿ. ಜಗಲಿಯ ಮೇಲೆ ಭಾವ ಒಬ್ಬರೇ ಕೂತಿದ್ದರು. ಅವರ ಪಕ್ಕದಲ್ಲಿ ತಾಮ್ರದ ದೊಡ್ಡ ದೊಡ್ಡ ಮುಚ್ಚಳಗಳು ಒಂದರ ಮೇಲೊಂದು ಪೇರಿಸಿದ್ದವು.

"ಹೆಣ್ಣು?" ಎಂದೆ.

"ಒಂದೂ ಇಪ್ಪತ್ತಕ್ಕೆ ಹೊಸ್ಲು ದಾಟ್ತು. ನೆಂಟ್ರ ಬಸ್ಸಲ್ಲಿ ಹೋದ್ಲು. ಹೆಂಗಸ್ರೆಲ್ಲ ಸೋಬಾನೆ ಹಾಡ್ಕಂಡು, ಕಿಟಕಿ ಪಕ್ಕ ಕೂರುಸ್ಕಂಡು ಕರ್ಕಂಡೋದ್ರು."

"ನೀವು ನನಗೋಸ್ಕರ ಉಳಿದುಕೊಂಡ್ರಾ ಭಾವ?" ನನಗೆ ನಿಜವಾಗಿಯೂ ಕಣ್ಣು ತುಂಬಿತು.

"ನಿಂಗೋಸ್ಕರ ಯಾಕ್ಲಾ ಉಳ್ಕಳ್ಳಿ? ಅಡುಗೆ ಭಟ್ರು ಕೊಪ್ಪರಿಗೆ ಎಲ್ಲ ತುಂಬ್ಕಂಡು ಮುಚ್ಚಳ ಇಲ್ಲೇ ಬುಟ್ಟೋಗವ್ರೆ. ಹನ್ನೊಂದವೆ. ಎತ್ತು, ನಿನ್ ಕಾರ್ಗೆ ಹಾಕು."

ಸಾವಿತ್ರಿ ಆ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಪಲ್ಲವಿ ಕೂರಬೇಕಿದ್ದ ಸೀಟಿನ ಮೇಲೆ ಏಳು ಮುಚ್ಚಳ, ಡಿಕ್ಕಿಯಲ್ಲಿ ನಾಲ್ಕು. ಭಾವ ಮುಂದೆ ನನ್ನ ಪಕ್ಕ ಕೂತರು. ಸಾವಿತ್ರಿ ಹಿಂದೆ ಮುಚ್ಚಳಗಳನ್ನು ತಬ್ಬಿಕೊಂಡು ಕೂತಳು. ನಾಗಮಂಗಲದವರೆಗೆ ಪ್ರತಿ ಹಂಪಿನಲ್ಲೂ ಅವು ಜಾಗಟೆಯಂತೆ ಬಡಿದವು.

"ಕಾರು ಚೆಂದಾಗೇ ಓಯ್ತದಲ್ಲ! ಇದ್ಕೇನಾಗಿತ್ತು?" ಎಂದರು ಭಾವ, ಅರ್ಧ ದಾರಿಯಲ್ಲಿ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು. "ಇದ್ಕೇನೂ ಆಗಿರ್ಲಿಲ್ಲ ಅಣ್ಣಾ."

ಛತ್ರದ ಬಾಗಿಲಿಗೆ ಹೂವಿನ ಕಾರು ಬಂದದ್ದೇ ತಡ, ವಾಲಗದವರು ಯಾರೋ ದೊಡ್ಡವರು ಬಂದರು ಎಂದುಕೊಂಡು ಗಟ್ಟಿಮೇಳವನ್ನೇ ಬಾರಿಸಿಬಿಟ್ಟರು! ಗಂಡಿನ ಕಡೆಯ ಹೆಂಗಸರು ಆರತಿ ತಟ್ಟೆ ಹಿಡಿದು ಓಡಿಬಂದರು. ಬಾಗಿಲು ತೆರೆದೆ. ಮೊದಲನೆಯ ಮುಚ್ಚಳ ಉರುಳಿ, ಆರತಿ ಹಿಡಿದವರ ಕಾಲಬಳಿ ಮೂರು ಸುತ್ತು ಸುತ್ತಿ ಮಲಗಿತು. ಮೇಲಿನ ಕಿಟಕಿಯಿಂದ ಪಲ್ಲವಿ ನೋಡುತ್ತಿದ್ದಳು.

"ಮಾವ! ಬಸ್ಸಲ್ಲಿ ಚೆನ್ನಾಗಿತ್ತು ಕಣ್ ಮಾವ! ನೀವ್ಯಾರನ್ನ ಕರ್ಕಂಡು ಬಂದ್ರಿ?"

ಶುಕ್ರವಾರ ಬೆಳಿಗ್ಗೆ ಅವಳ ಕೈಹಿಡಿದು ಮಂಟಪಕ್ಕೆ ನಡೆಸಿಕೊಂಡು ಹೋದೆ. ಹತ್ತು ಹೆಜ್ಜೆ. ಎಲ್ಲೂ ನಿಲ್ಲಲಿಲ್ಲ. ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಅದುಮಿದಳು. ನಿನ್ನೆಯದನ್ನೆಲ್ಲ ಮಗು ಮನ್ನಿಸಿದೆ ಎಂದುಕೊಂಡು ಎದೆ ಹಗುರವಾಯಿತು. ಮಂಟಪದಲ್ಲಿ ಕಂಕಣ ಕಟ್ಟುವ ಹೊತ್ತು ಬಂತು. ಪುರೋಹಿತರು ಅರಿಶಿನದ ದಾರದ ಉಂಡೆ ಎತ್ತಿ, "ಸೋದರಮಾವನವರು ಇದನ್ನು ಸ್ವಲ್ಪ ಹಿಡಿದುಕೊಳ್ಳಿ" ಎಂದು ನನ್ನ ಕಡೆ ಚಾಚಿದರು.

"ಅಯ್ಯೋ, ಅವ್ರ ಕೈಗೆ ಮಾತ್ರ ದಾರ ಕೊಡ್ಬ್ಯಾಡಿ ಸ್ವಾಮಿ!"

ಸಾವಿತ್ರಿ ಒಬ್ಬಳೇ ಹೇಳಿದ್ದರೆ ಸಹಿಸಬಹುದಿತ್ತು. ಆದರೆ ರಾತ್ರಿಯೇ ಅವಳು ದಾರದ ಕಥೆಯನ್ನು ಛತ್ರಕ್ಕೆಲ್ಲ ಹೇಳಿ ಮುಗಿಸಿದ್ದಳು. ಭಾವ, ಅಕ್ಕ, ತಲೆ ತಗ್ಗಿಸಿ ಕೂತಿದ್ದ ಮದುಮಗಳು, ಎಲ್ಲರೂ ಒಟ್ಟಿಗೆ ಹೇಳಿದರು.

ಮನೆಗೆ ಬಂದು ದಿನಚರಿ ತೆರೆದೆ. "ಗುರುವಾರ. ಹೆಣ್ಣು ಬಸ್ಸಿನಲ್ಲಿ. ಮುಚ್ಚಳ ಹನ್ನೊಂದು, ಸೋದರಮಾವನ ಕಾರಿನಲ್ಲಿ. ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ" ಎಂದು ಬರೆದೆ. ಮಾರನೆಯ ದಿನ ನೋಡಿದರೆ ಅದರ ಕೆಳಗೆ ಸಾವಿತ್ರಿಯ ಅಕ್ಷರದಲ್ಲಿ ಒಂದು ಸಾಲು ಇತ್ತು. "ಇಂದು ನಾನು ಸೀನಿದ್ದು ಎರಡು ಸಲ. ನಕ್ಕಿದ್ದು ಲೆಕ್ಕಕ್ಕೆ ಸಿಕ್ಕಲಿಲ್ಲ."